ಇಲ್ಲದ ಗುಡ್ಡ ಹತ್ತಿಸುವ ಜಿಪಿಎಕ್ಸ್: ಮೊನ್ಸಾಲ್ ಟ್ರೇಲ್ ಫೈಲು ಕೊನೆಗೂ ದಾರಿಗೆ ಬಂತು

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಈಗ ಸೈಕಲ್ ದಾರಿಯಾಗಿರುವ ಮೂರು ಹಳೆ ರೈಲುದಾರಿಗಳನ್ನು ಪೋಣಿಸುವ ಟೂರಿಂಗ್ ಜಿಪಿಎಕ್ಸ್ ಫೈಲಿನಲ್ಲಿ (ದಾರಿಯ ಬಿಂದುಗಳನ್ನೂ ಅವುಗಳ ಎತ್ತರವನ್ನೂ ಜಿಪಿಎಸ್ ಯಂತ್ರಕ್ಕೆಂದು ಬರೆದಿಟ್ಟ ಕಡತ) ಎರಡು ತುಂಡು ಎಂದೋ ಮುಗಿದಿದ್ದವು. ಆಶ್‌ಬೋರ್ನ್‌ನಿಂದ ಪಾರ್ಸ್ಲಿ ಹೇವರೆಗಿನ ಟಿಸಿಂಗ್ಟನ್ ಟ್ರೇಲ್ 21 ಕಿ.ಮೀ., ಡೌಲೋದಿಂದ ಕ್ರಾಮ್‌ಫರ್ಡ್‌ಗೆ ಇಳಿಯುವ ಹೈ ಪೀಕ್ ಟ್ರೇಲ್ 27 ಕಿ.ಮೀ. ಎರಡರಲ್ಲೂ ಮೋಟಾರು ವಾಹನವಿಲ್ಲ, ತಕರಾರೂ ಇಲ್ಲ. ಪಾರ್ಸ್ಲಿ ಹೇಯಿಂದ ಮನಿಯಾಶ್ ಮೇಲೆ ಬೇಕ್‌ವೆಲ್‌ಗೆ ಹೋಗುವ ತುಂಡು ಮಾತ್ರ ಡಾಂಬರು ರಸ್ತೆ, ಕಾರುಗಳ ಜೊತೆಗೇ ಹೋಗಬೇಕು. ಸತಾಯಿಸಿದ್ದು ಮೂರನೆಯದು: ಬೇಕ್‌ವೆಲ್‌ನಿಂದ ವೈಡೇಲ್ ಕಡೆಗಿನ 13.7 ಕಿ.ಮೀ. ಮೊನ್ಸಾಲ್ ಟ್ರೇಲ್. ನೆಲದ ಮೇಲೆ ಮೂರರಲ್ಲೂ ಇದೇ ಸಲೀಸು, ಫೈಲಿನಲ್ಲಿ ಇದೇ ಹಿಮಾಲಯ.

ಸೈಕಲ್ ಬಗ್ಗೆ ಎರಡೇ ಮಾತು. ಟೈರು 38 ಎಂ.ಎಂ. ಸಾಕು. ಒದ್ದೆಯಾದ ಸುಣ್ಣಕಲ್ಲಿನ ಪುಡಿ ಇಡ್ಲಿ ಹಿಟ್ಟಿನ ಹದಕ್ಕೆ ಬಂದು ಚೈನಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಗಾರೆ. ಅವತ್ತೇ ಸಂಜೆ ನೀರು ಹೊಯ್ದು ತೊಳೆದು, ಒರೆಸಿ, ಎಣ್ಣೆ ಬಿಡಿ. ಇನ್ನು ಮಡ್‌ಗಾರ್ಡ್. ‘45 ಎಂ.ಎಂ.’ ಎಂದು ಮಾರಿದ ಮಹಾಶಯರ ಮಾಲು 38ರ ಟೈರಿಗೇ ಉಜ್ಜುತ್ತಿತ್ತು. 45 ಎಂಬುದು ಮಡ್‌ಗಾರ್ಡಿನ ಹೊರ ಅಗಲ, ಒಳಗೆ ಟೈರಿಗೆ ಸಿಗುವ ಜಾಗವಲ್ಲ. ಕೇಳಿದರೆ ‘ನಿಮ್ಮ ಫ್ರೇಮೇ ಡೊಂಕಿರಬೇಕು’ ಎಂಬ ಉತ್ತರ. ಕೊಳ್ಳುವ ಮುಂಚೆ ಒಳ ಅಳತೆ ಕೇಳಿ.

ಈಗ ಅಸಲು ಕಥೆ. ಮೊನ್ಸಾಲ್ ಟ್ರೇಲ್ ಹಳೆಯ ಮಿಡ್‌ಲ್ಯಾಂಡ್ ರೈಲ್ವೆಯ ಮುಖ್ಯ ಮಾರ್ಗ, 1968ರಲ್ಲಿ ಮುಚ್ಚಿತು. ನಾಲ್ಕು ಉದ್ದದ ಸುರಂಗಗಳು ಸೈಕಲ್ಲಿಗೆ ತೆರೆದದ್ದು 2011ರಲ್ಲಿ: ಹೆಡ್‌ಸ್ಟೋನ್ 487 ಮೀಟರು, ಕ್ರೆಸ್‌ಬ್ರೂಕ್ 431, ಲಿಟನ್ 471, ಚೀ ಟಾರ್ 367. ಉಗಿಬಂಡಿ ಎಳೆಯುತ್ತಿದ್ದ ದಾರಿಯಾದ್ದರಿಂದ ಏರು ಹೆಚ್ಚೆಂದರೆ ಸುಮಾರು 90ಕ್ಕೆ 1. ದಾರಿ ಪೂರ್ತಿ ಅದೇ ಏರಿದ್ದರೂ ಒಟ್ಟು ಹತ್ತುವುದು 150 ಮೀಟರಿನ ಆಸುಪಾಸು. ಪ್ಲಾನರ್, ಅಂದರೆ ದಾರಿ ಹಾಕಿಕೊಡುವ ತಂತ್ರಾಂಶ, ಇದಕ್ಕಿಂತ ಹೆಚ್ಚು ತೋರಿಸಿದರೆ ಸುಳ್ಳು ಹೇಳುತ್ತಿದೆ ಎಂದೇ ಲೆಕ್ಕ. ಸುಳ್ಳು ಎತ್ತರದಿಂದ ನಷ್ಟವೇನು ಅಂದರೆ, ದಿನದ ದೂರವನ್ನು ಏರು ನೋಡಿ ಹಂಚುವವರಿಗೆ ಪೂರ್ತಿ ಯೋಜನೆ ತಪ್ಪುತ್ತದೆ. ಇ-ಬೈಕಿನವರಿಗೆ ಬ್ಯಾಟರಿ ಲೆಕ್ಕ ಕೆಡುತ್ತದೆ. ಕತ್ತಲ ಸುರಂಗದೊಳಗೆ ಸಪಾಟಾಗಿ ಹೋಗುತ್ತಿರುವಾಗ ಹ್ಯಾಂಡಲ್ ಮೇಲಿನ ಯಂತ್ರ ‘ಏರು ಶುರು’ ಎಂದು ಕಿರುಚುವುದು ಬೋನಸ್.

ಕಾರಣ ಗುಟ್ಟೇನಲ್ಲ. ಪ್ಲಾನರ್‌ಗೆ ಗೊತ್ತಿರುವುದು ನೆಲದ ಎತ್ತರ, ನಾವು ಹೋಗುವ ದಾರಿಯ ಎತ್ತರವಲ್ಲ. ಸುರಂಗದಲ್ಲಿ ಅದು ತಲೆಯ ಮೇಲಿನ ಗುಡ್ಡವನ್ನು ಓದುತ್ತದೆ, ವಯಾಡಕ್ಟ್ (ಕಣಿವೆ ದಾಟಿಸುವ ಎತ್ತರದ ಕಮಾನು ಸೇತುವೆ) ಮೇಲೆ ಕೆಳಗಿನ ಹೊಳೆಯನ್ನು. ಹೆಡ್‌ಸ್ಟೋನ್‌ನಲ್ಲಿ ಎರಡೂ ಒಟ್ಟಿಗೆ ವಕ್ಕರಿಸುತ್ತವೆ: ಸುರಂಗದ ಪಶ್ಚಿಮ ಬಾಯಿಂದ ಹೊರಬಿದ್ದ ಕೂಡಲೇ ವೈ ನದಿಯ ಮೇಲಿನ ಐದು ಕಮಾನಿನ ಹೆಡ್‌ಸ್ಟೋನ್ ವಯಾಡಕ್ಟ್. ಗ್ರಾಫಿನಲ್ಲಿ ಮೊದಲು ಗುಡ್ಡದ ನೆತ್ತಿ, ಮರುಕ್ಷಣ ನದಿಪಾತ್ರ. ಗರಗಸದ ಹಲ್ಲು.

ಮೊದಲ ಮದ್ದು ಎಲ್ಲರೂ ಹಚ್ಚುವುದೇ, 500 ಮೀಟರಿನ ಚಲಿಸುವ ಸರಾಸರಿ: ಪ್ರತಿ ಬಿಂದುವಿಗೂ ಅದರ ಆಚೀಚಿನ 500 ಮೀಟರಿನ ಸರಾಸರಿ ಎತ್ತರ ಹಾಕುವ ಫಿಲ್ಟರು. ಹಲ್ಲುಗಳು ಮೊಂಡಾದವು, ನಿಜ. ಆದರೆ ಇದೇ ಫಿಲ್ಟರು ಉಳಿದ ಎರಡು ತುಂಡಿನ ನಿಜವಾದ ಏರನ್ನೂ ನುಂಗಿತು. ಟಿಸಿಂಗ್ಟನ್ ಟ್ರೇಲ್‌ನಲ್ಲಿ ಆಶ್‌ಬೋರ್ನ್ ಬಿಟ್ಟ ಸ್ವಲ್ಪದರಲ್ಲೇ ಬೆಂಟ್ಲಿ ಬ್ರೂಕ್ ಹಳ್ಳ ಬರುತ್ತದೆ. ರೈಲಿನ ಸೇತುವೆ ತೆಗೆದದ್ದರಿಂದ ಅಲ್ಲಿ ಕಡಿದಾಗಿ ಇಳಿದು ಹತ್ತಲೇಬೇಕು. ಗ್ರಾಫಿನಲ್ಲಿ ಆ ಹಳ್ಳವೇ ಮಾಯ. ಹೈ ಪೀಕ್‌ನ ಮಿಡಲ್‌ಟನ್ ಇಳಿಜಾರು 8¼ಕ್ಕೆ 1, ಅಂದರೆ 12 ಶೇಕಡ, ಸುಮಾರು 650 ಮೀಟರು ಉದ್ದ. ಒಂದು ಕಾಲಕ್ಕೆ ಬಂಡಿಗಳನ್ನು ಮೇಲಿನ ಎಂಜಿನ್ ಮನೆಯಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದ ಜಾಗ ಅದು, 1829ರ ಬೀಮ್ ಎಂಜಿನ್ ಈಗಲೂ ಅಲ್ಲೇ ಇದೆ. ಅದನ್ನೂ ಫಿಲ್ಟರು ಸವರಿ ಸಾಧುವಾದ ದಿಬ್ಬ ಮಾಡಿಟ್ಟಿತು. 20 ಕೆ.ಜಿ. ಲಗೇಜು ಹೊತ್ತು ಹತ್ತುವವರಿಗೆ ಈ ಸುಳ್ಳು ಮೊದಲಿನದಕ್ಕಿಂತ ಕೆಟ್ಟದ್ದು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು.

ಎರಡನೆಯ ಮದ್ದು ದುಡ್ಡಿನದು. ಒಂದು ತಾಣ ‘ಪ್ರೀಮಿಯಂ ಎಲಿವೇಷನ್’ ಎಂದು ಚಂದಾ ಕೀಳುತ್ತದೆ. ಬಿಚ್ಚಿ ನೋಡಿದರೆ ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎತ್ತರ) ದತ್ತಾಂಶವೇ. ಅಂಗಡಿ ಬೇರೆ, ಸರಕು ಅದೇ.

ಮೂರನೆಯದು ಲೈಡಾರ್, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ಅಳೆದ ಎತ್ತರ. ಇಂಗ್ಲೆಂಡಿನ ಪರಿಸರ ಏಜೆನ್ಸಿ 1 ಮೀಟರ್ ಜಾಲದ ಎತ್ತರವನ್ನು ಉಚಿತವಾಗಿ ಕೊಡುತ್ತದೆ. ಇದರಿಂದ ಏರಿ (ಮಣ್ಣು ಪೇರಿಸಿದ ದಾರಿ), ಕಟಿಂಗ್ (ಗುಡ್ಡ ಕಡಿದ ದಾರಿ) ಎಲ್ಲ ಅಚ್ಚುಕಟ್ಟಾದವು, ಆದರೆ ಸುರಂಗ ಮತ್ತು ವಯಾಡಕ್ಟ್ ಮತ್ತಷ್ಟು ಹದಗೆಟ್ಟವು. ನಾವಿಲ್ಲದ ನೆಲವನ್ನು ಇನ್ನೂ ಕರಾರುವಾಕ್ಕಾಗಿ ಅಳೆದರೆ ಆಗುವುದು ಇದೇ. ಬರೀ ನೆಲದ ಮಾದರಿಯಾದ ಡಿಟಿಎಂನಲ್ಲಿ ಸೇತುವೆಗಳನ್ನು ಬೇಕೆಂದೇ ಕಿತ್ತಿರುತ್ತಾರೆ. ನೆಲದ ಮೇಲಿರುವುದನ್ನೂ ಸೇರಿಸಿದ ಡಿಎಸ್‌ಎಂನಲ್ಲಿ ಸೇತುವೆ ಇರುತ್ತದೆ, ಜೊತೆಗೆ ಪ್ರತಿ ಮರದ ನೆತ್ತಿಯೂ. ಎಲ್ಲರ ಮನೆ ದೋಸೆಯೂ ತೂತೇ.

(ಅಡ್ಡಮಾತು. ಮುಂದಿನ ಫೈಲು ಮ್ಯಾನಿಫೋಲ್ಡ್ ವೇ, ಹ್ಯೂಮ್ ಎಂಡ್‌ನಿಂದ ವಾಟರ್‌ಹೌಸಸ್. 1904ರಿಂದ 1934ರವರೆಗೆ ಓಡಿದ 2 ಅಡಿ 6 ಇಂಚಿನ ಪುಟ್ಟ ರೈಲು ಅದು. ಅದರ ಹಿಂದಿದ್ದ ಎಂಜಿನಿಯರ್ ಕಾಲ್‌ಥ್ರಾಪ್ ಅದಕ್ಕೂ ಮುಂಚೆ ಕಟ್ಟಿದ್ದು ನಮ್ಮ ಪಕ್ಕದ ಬಾರ್ಸಿ ಲೈಟ್ ರೈಲ್ವೆಯನ್ನು. ಮುಂದೆ ಲಾತೂರಿನಿಂದ ಪಂಢರಪುರದ ಮೇಲೆ ಮೀರಜ್‌ಗೆ ಬಂತಲ್ಲ, ಅದೇ. ಬೆಳಗಾವಿ ಕಡೆಯ ಹಿರಿಯರು ವಿಠ್ಠಲನ ದರ್ಶನಕ್ಕೆ ಹತ್ತುತ್ತಿದ್ದ ಸಣ್ಣ ಗಾಡಿಗೆ ಸ್ಟ್ಯಾಫರ್ಡ್‌ಶೈರಿನ ಕಣಿವೆಯಲ್ಲಿ ತಮ್ಮನೊಬ್ಬ ಇದ್ದ ಅನ್ನಿ. ಈ ದಾರಿ ಬಹುಪಾಲು ಕಾರಿಲ್ಲದ್ದು, ಆದರೆ ಸ್ವೇನ್ಸ್ಲಿ ಸುರಂಗದಲ್ಲಿ ಕಾರೂ ಬರುತ್ತದೆ. ಹಿಂದೆ ಮುಂದೆ ಲೈಟು ಕಡ್ಡಾಯ ಎಂದೇ ಬರೆದಿಟ್ಟುಕೊಳ್ಳಿ.)

ಕೊನೆಗೆ ಕೆಲಸ ಮಾಡಿದ್ದು ಬೆರಕೆ ಉಪಾಯ. ಜನರೇ ಸೇರಿ ಬರೆಯುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಟ್ರೇಲ್‌ನ ಪ್ರತಿ ತುಂಡಿಗೂ ಅದು ಎಂಥದೆಂದು ಹೇಳುವ ಟ್ಯಾಗ್ ಇರುತ್ತದೆ. ‘ಟನಲ್’ ಎಂದಿದ್ದಲ್ಲಿ ನೆಲದ ಎತ್ತರ ಬಿಸಾಕಿ, ಎರಡೂ ಬಾಯಿಗಳ ಎತ್ತರದ ನಡುವೆ ನೇರ ಗೆರೆ ಎಳೆಯುವುದು. ‘ಬ್ರಿಡ್ಜ್’ ಎಂದಿದ್ದಲ್ಲಿ ಮಾತ್ರ ಡಿಎಸ್‌ಎಂ. ಉಳಿದ ಕಡೆ ಡಿಟಿಎಂ, ಫಿಲ್ಟರಿಲ್ಲದೆ. ಬೆಂಟ್ಲಿ ಬ್ರೂಕ್ ಹಳ್ಳಕ್ಕೂ ಮಿಡಲ್‌ಟನ್ ಇಳಿಜಾರಿಗೂ ಈ ಟ್ಯಾಗ್ ಇಲ್ಲವಾದ್ದರಿಂದ ಅವು ಹಾಗೇ ಉಳಿದವು.

ಇದರಲ್ಲೂ ಕೈ ಸುಟ್ಟುಕೊಳ್ಳುವ ಜಾಗಗಳಿವೆ. ಸುರಂಗದ ಬಾಯಲ್ಲೇ ಬಿಂದು ಇಟ್ಟರೆ ಲೈಡಾರ್ ಓದುವುದು ಮೇಲಿನ ಗೋಡೆಯ ಅಂಚನ್ನು; ಹತ್ತು ಮೀಟರು ಹೊರಗೆ ಇಡಬೇಕು. ಹೆಡ್‌ಸ್ಟೋನ್‌ನ ಪಶ್ಚಿಮಕ್ಕೆ ಈ ನಿಯಮ ನಡೆಯದು, ಹೊರಗೆ ಕಾಲಿಟ್ಟರೆ ವಯಾಡಕ್ಟ್. ಅಲ್ಲಿ ಸುರಂಗವನ್ನೂ ವಯಾಡಕ್ಟನ್ನೂ ಒಂದೇ ತುಂಡೆಂದು ತಿಳಿದು, ವಯಾಡಕ್ಟ್ ದಾಟಿದ ಮೇಲಿನ ಗಟ್ಟಿ ನೆಲದಿಂದ ಪೂರ್ವದ ಬಾಯಿಯ ಹೊರಗಿನವರೆಗೆ ಒಂದೇ ಗೆರೆ ಎಳೆದರೆ ಸರಿ.

ಇನ್ನೊಂದು, ಲೈಡಾರ್ ಇರುವುದು ಬ್ರಿಟನ್ನಿನದೇ ಸ್ಥಾನ ಗುರುತಿಸುವ ಪದ್ಧತಿಯಾದ ಬ್ರಿಟಿಷ್ ನ್ಯಾಷನಲ್ ಗ್ರಿಡ್‌ನಲ್ಲಿ, ಜಿಪಿಎಕ್ಸ್ ಇರುವುದು ಜಿಪಿಎಸ್‌ನ ಪದ್ಧತಿಯಾದ ಡಬ್ಲ್ಯುಜಿಎಸ್ 84ರಲ್ಲಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದರಿಂದ ಇನ್ನೊಂದಕ್ಕೆ ಕರಾರುವಾಕ್ಕಾಗಿ ಬದಲಿಸುವ ಒಎಸ್‌ಟಿಎನ್ 15 ಗ್ರಿಡ್ ಹಾಕದೆ ಮಾಮೂಲಿ ಹೆಲ್ಮರ್ಟ್ ಎಂಬ ಅಂದಾಜು ಪರಿವರ್ತನೆ ಮಾಡಿದರೆ ಕೆಲವು ಮೀಟರು ಜರುಗುತ್ತದೆ. ಬಯಲಲ್ಲಿ ಅದು ಏನೂ ಅಲ್ಲ. ಎತ್ತರದ ಏರಿಯ ಮೇಲೆ ಐದು ಮೀಟರು ಪಕ್ಕಕ್ಕೆ ಅಂದರೆ ಇಳಿಜಾರಿನಲ್ಲಿ ಉರುಳುತ್ತಿದ್ದೀರಿ ಎಂದರ್ಥ. ಎತ್ತರದ ಮೂಲವನ್ನೂ ಬೆರೆಸಬೇಡಿ: ಕೆಲವು ಆಂಡ್ರಾಯ್ಡ್ ಲಾಗರ್‌ಗಳು ಬರೆಯುವ ಎಲಿಪ್ಸಾಯ್ಡ್ ಎತ್ತರ (ಭೂಮಿಯನ್ನು ನಯವಾದ ಚಪ್ಪಟೆ ಗೋಳವೆಂದಿಟ್ಟುಕೊಂಡು ಅಳೆದದ್ದು) ಇಲ್ಲಿ ಸಮುದ್ರಮಟ್ಟದ ಲೆಕ್ಕಕ್ಕಿಂತ ಸುಮಾರು 50 ಮೀಟರು ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಗ್ರಾಫು ಗೆರೆ ಎಳೆದಂತೆ ಬಂತು, ಒಟ್ಟು ಏರು ಮಾತ್ರ ಇಳಿಯಲೇ ಇಲ್ಲ! ತಪ್ಪು ಬಿಂದುಗಳ ಸಂಖ್ಯೆಯಲ್ಲಿತ್ತು. ಮೀಟರಿಗೊಂದರಂತೆ 13,700 ಬಿಂದು, ಪ್ರತಿಯೊಂದರಲ್ಲೂ 5 ಸೆಂ.ಮೀ. ಆಚೀಚೆ ಎಂದಿಟ್ಟುಕೊಂಡರೂ ಬರೀ ಆ ನಡುಕವೇ ಕೂಡಿ 380 ಮೀಟರಿನಷ್ಟು ಏರಾಗುತ್ತದೆ. ಮದ್ದು ಸುಲಭ: 20 ಮೀಟರಿಗೊಂದು ಬಿಂದು ಇಟ್ಟು, ಎತ್ತರ 2 ಮೀಟರು ಬದಲಾಗುವವರೆಗೆ ಕೂಡಿಸದಿರುವುದು. ಆಗ 150ರ ಒಳಗೆ ಬಂದು ಕೂತಿತು. ಬಾರೋಮೀಟರ್ ಯಂತ್ರದಿಂದಲೇ ಅಳೆದರೆ ಈ ರಗಳೆ ಇಲ್ಲವಲ್ಲ ಅನ್ನುವವರಿಗೆ: ಒತ್ತಡ 1 ಹೆಕ್ಟೊಪ್ಯಾಸ್ಕಲ್ ಬದಲಾದರೆ 8 ಮೀಟರು ತಪ್ಪುತ್ತದೆ, ಇಂಗ್ಲೆಂಡಿನ ಹವೆಯ ಚಂಚಲತೆ ಹೇಳಬೇಕಿಲ್ಲ.

ಉಳಿದ ಕಿರಿಕಿರಿ ಒಂದೇ, ಮೊನ್ಸಾಲ್ ಹೆಡ್. ರಸ್ತೆ ಮೇಲೆ, ಟ್ರೇಲ್ ಕೆಳಗೆ, ನಡುವೆ ಲಗೇಜು ಸೈಕಲ್ ಇಳಿಯದ ಕಡಿದಾದ ಕಾಲುದಾರಿ. ಟೀ ಕುಡಿಯಲೆಂದು ಮೇಲೆ ವೇಪಾಯಿಂಟ್ ಇಟ್ಟರೆ ಪ್ಲಾನರ್ ನಿಮ್ಮನ್ನು ಟ್ರೇಲ್‌ನಿಂದ ಆಚೆ ದಬ್ಬಿ, ಊರೆಲ್ಲ ಸುತ್ತಿಸಿ ರಸ್ತೆಯಲ್ಲಿ ಮೇಲೆ ಹತ್ತಿಸಿ, ಅದೇ ದಾರಿಯಲ್ಲಿ ವಾಪಸ್ ತರುತ್ತದೆ. ಹಾಗಾಗಿ ಅದನ್ನು ದಾರಿಯ ಬಿಂದುವಾಗಿ ಇಡದೆ ಬರೀ ಗುರುತಾಗಿ ಇಡಿ, ಟೀಯನ್ನು ಕೆಳಗೇ ಹಳೆಯ ಹ್ಯಾಸಪ್ ಸ್ಟೇಷನ್‌ನ ಕೆಫೆಯಲ್ಲಿ ಮುಗಿಸಿ.