ಒಂಬತ್ತು, ಐದು

ನವೆಂಬರ್ 17, 2024, ಭಾನುವಾರ
ಸೀಡರ್ ರಾಪಿಡ್ಸ್

ಬೆಳಗಿನಿಂದ ಎರಡು ಅಂಕಿ ತಲೆಯಲ್ಲಿ ಕೂತಿವೆ. ಒಂಬತ್ತು, ಐದು.

ಪಕ್ಕದ ಮನೆ ಅಜ್ಜಿಯ ಮುತ್ತಜ್ಜ ಮುತ್ತಜ್ಜಿಯನ್ನು ಅಜ್ಜಿ, ನಾನು ಸೇರಿ ಹಳೇ ದಾಖಲೆಗಳಲ್ಲಿ ಹುಡುಕುತ್ತಿದ್ದೇವೆ. ಆ ಕೆಲಸ ಇವತ್ತು ಮುಂದಕ್ಕೆ ಹೋಯಿತು. ಅಜ್ಜಿಗೆ ಈಗ 84. ಕಣ್ಣು ಮಂಜು. ಹಳೇ ಕಾಗದದಲ್ಲಿ ಕೂಡಿಸಿ ಬರೆದ ಅಕ್ಷರವನ್ನು ನಾನೇ ಓದಿ ಹೇಳಬೇಕು. ಗದಗಿನ ಶಾಲೆಯಲ್ಲಿ ಬರೆದ ನಾಲ್ಕು ಗೆರೆ ಕಾಪಿ ಇಲ್ಲಿ ಅಮೆರಿಕದ ಅಯೋವಾದಲ್ಲಿ ಉಪಯೋಗಕ್ಕೆ ಬಂತು.

ಮುತ್ತಜ್ಜ ಮುತ್ತಜ್ಜಿ ಇಬ್ಬರೂ ಒಹಾಯೋದವರು. ಮದುವೆಯಾಗಿ ಐದು ವರ್ಷಕ್ಕೆ, 1869ರಲ್ಲಿ, ಗಾಡಿ ಕಟ್ಟಿಕೊಂಡು ಅಯೋವಾದ ವಾಯವ್ಯ ಮೂಲೆಗೆ ಬಂದರು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ. ಐದು ವರ್ಷ ಅಲ್ಲೇ ಇದ್ದು ಉತ್ತಿ ಬಿತ್ತಿದರೆ ನೆಲ ನಿಮ್ಮದು. ಹಾಗೆ ಇದ್ದದ್ದು ನಿಜ ಅಂತ ಇಬ್ಬರು ಸಾಕ್ಷಿ ಹೇಳಬೇಕು. ಆ ಸಾಕ್ಷಿಯ ಕಾಗದ ರಾಷ್ಟ್ರೀಯ ದಾಖಲಾಲಯದಲ್ಲಿ ಇತ್ತು, ತರಿಸಿದ್ದೆವು. ಮನೆ 14 ಅಡಿಗೆ 16 ಅಡಿ. ಒಂದು ಬಾಗಿಲು, ಎರಡು ಕಿಟಕಿ. ಒಂದು ಬಾವಿ. ಉತ್ತ ನೆಲ 35 ಎಕರೆ. ನಮ್ಮ ಹಾಲ್‌ಗಿಂತ ಚಿಕ್ಕ ಮನೆ. ಅದರಲ್ಲಿ ಅಷ್ಟು ಜನ. ಅದರ ಮೇಲೆ 1873ರಿಂದ 1877ರವರೆಗೆ ಮಿಡತೆ ಕಾಟ. ಮೋಡದ ಹಾಗೆ ಬಂದು ಇಡೀ ಪೈರು ತಿಂದುಕೊಂಡು ಹೋಗುತ್ತಿದ್ದವಂತೆ.

ಆ ನೆಲ ಮೊದಲು ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರದ್ದು. 1851ರ ಒಪ್ಪಂದದಲ್ಲಿ ಅವರು ಬಿಟ್ಟುಕೊಡಬೇಕಾಯಿತು. ಅಜ್ಜಿಗೆ ಇದನ್ನು ಹೇಳುವಾಗ ನನಗೆ ಸ್ವಲ್ಪ ಹಿಂಜರಿಕೆ ಇತ್ತು. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಅದನ್ನೂ ಬರೆದುಕೋ, ಮೊದಲನೇ ಪುಟದಲ್ಲೇ ಬರೆ" ಅಂದರು. ಬರೆದೆ.

ಮುತ್ತಜ್ಜಿಯ ತವರು ಮನೆ ಹೆಸರಿಗೇ ಎರಡು ತಿಂಗಳು ಹಿಡಿದಿತ್ತು. ಜನಗಣತಿಯ ಪುಟಗಳಲ್ಲಿ ಮೇಲೆ ಯಜಮಾನನ ಹೆಸರು. ಕೆಳಗೆ ಹೆಂಡತಿ ಮಕ್ಕಳಿಗೆ ಮನೆತನದ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ. ಕೊನೆಗೆ ಸಿಕ್ಕಿದ್ದು 1925ರ ಅಯೋವಾ ರಾಜ್ಯದ ಗಣತಿಯಲ್ಲಿ. ಆ ಸಲ ಎಲ್ಲರ ಹತ್ತಿರ ಅಪ್ಪನ ಹೆಸರು, ಅಮ್ಮನ ಮದುವೆಗೆ ಮುಂಚಿನ ಹೆಸರು ಕೇಳಿ ಬರೆದುಕೊಂಡಿದ್ದಾರೆ. ಅಜ್ಜಿಯ ಅಜ್ಜ ಆಗ ನಲವತ್ತು ದಾಟಿದವರು, ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಗ ನೆನಪಿಟ್ಟುಕೊಂಡು ಹೇಳಿದ್ದರಿಂದ ಉಳಿಯಿತು.

ಇವತ್ತು ತೆಗೆದದ್ದು 1900ರ ಗಣತಿ. ಮದುವೆಯಾದ ಹೆಂಗಸರಿಗೆ ಅದರಲ್ಲಿ ಎರಡು ಕಾಲಂ ಇವೆ. ಎಷ್ಟು ಮಕ್ಕಳ ತಾಯಿ? ಅದರಲ್ಲಿ ಈಗ ಬದುಕಿರುವವರು ಎಷ್ಟು? ಮುತ್ತಜ್ಜಿಯ ಸಾಲಿನಲ್ಲಿ ಶಾಯಿ ಸ್ವಲ್ಪ ಹರಡಿದ ಒಂಬತ್ತು. ಪಕ್ಕದಲ್ಲಿ ಐದು.

ಅಜ್ಜಿಗೆ ಗೊತ್ತಿದ್ದದ್ದು ಐದೇ. ಮನೆಯಲ್ಲಿ ಯಾವತ್ತೂ ಐದು ಜನರ ಮಾತೇ. "ಇನ್ನು ನಾಲ್ಕು ಯಾರು?" ಅಂದರು. ಕಾಫಿ ಕಪ್ ಕೆಳಗಿಟ್ಟುಬಿಟ್ಟರು.

ನನಗೆ ಊರಿನ ನಮ್ಮ ಸ್ವಂತ ಅಜ್ಜಿ, ಆಯಿ, ನೆನಪಾದಳು. ಯಾರು ಕೇಳಿದರೂ ಆಯಿ ಒಂದೇ ಉಸಿರಿಗೆ ಹೇಳುತ್ತಿದ್ದಳು, "ಹಡದದ್ದು ಹನ್ನೊಂದು, ಉಳದದ್ದು ಆರು." ಸರ್ಕಾರದವರು ಆಯಿಯ ಮಾತನ್ನೇ ತಗೊಂಡು ಎರಡು ಕಾಲಂ ಮಾಡಿದ ಹಾಗಿತ್ತು.

ಆಮೇಲೆ ಊಟವನ್ನೂ ಮರೆತು ಹುಡುಕಿದೆವು. 1870ರಲ್ಲಿ ಎರಡು ವರ್ಷದ ಒಬ್ಬ ಹುಡುಗ ಇದ್ದಾನೆ. 1880ರ ಪುಟದಲ್ಲಿ ಇಲ್ಲ. ಒಬ್ಬ ಸಿಕ್ಕ ಹಾಗಾಯಿತು. ಕಷ್ಟ ಇರೋದು ಅದಾದ ಮೇಲೆ. 1890ರ ಗಣತಿಯ ಪುಸ್ತಕಗಳು ಬಹುಪಾಲು ಉಳಿದಿಲ್ಲ. 1921ರಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಟ್ಟದ್ದು ಸ್ವಲ್ಪ, ನೀರಿನಲ್ಲಿ ನೆನೆದದ್ದು ಸ್ವಲ್ಪ, ಉಳಿದದ್ದನ್ನೂ ಆಮೇಲೆ ಸರ್ಕಾರವೇ ನಾಶ ಮಾಡಿತು. ಅಂದರೆ 1880 ಆದಮೇಲೆ ಹುಟ್ಟಿ 1900ಕ್ಕೆ ಮುಂಚೆ ತೀರಿಹೋದ ಮಗು ದೇಶದ ಲೆಕ್ಕದಲ್ಲಿ ಎಲ್ಲೂ ಕಾಣಿಸೋದೇ ಇಲ್ಲ. ಹತ್ತು ಹದಿನೈದು ವರ್ಷ ಓಡಾಡಿ, ಹಸು ಮೇಯಿಸಿ, ಶಾಲೆಗೆ ಹೋಗಿದ್ದರೂ ಅಷ್ಟೇ.

ಆದರೆ ಅಯೋವಾ ತಾನೇ ಬೇರೆಯಾಗಿ 1885ರಲ್ಲಿ ಗಣತಿ ಮಾಡಿತ್ತು. ಅದರಲ್ಲಿ ಅಜ್ಜಿಯ ಅಜ್ಜ ಒಂದು ವರ್ಷದ ಕೂಸು. ಅವನ ಮೇಲಿನ ಸಾಲಿನಲ್ಲಿ ಮೂರು ವರ್ಷದ ಹುಡುಗಿ! 1895ರಲ್ಲಿ ನೋಡಿದರೆ ಆ ಹುಡುಗಿ ಇಲ್ಲ.

ಹೆಸರು ಇಲ್ಲಿ ಬರೆಯಲ್ಲ, ಅದು ಅವರ ಮನೆಯದು. ನಾನು ಓದಿದ ಕೂಡಲೇ ಅಜ್ಜಿ ಕೈ ಬಾಯಿ ಮೇಲೆ ಇಟ್ಟುಕೊಂಡರು. ಅದೇ ಹೆಸರು ಅವರ ಅಪ್ಪನ ಅಕ್ಕನದ್ದು. ಅತ್ತೆಗೆ ಆ ಹೆಸರು ಯಾಕೆ ಇಟ್ಟರು ಅಂತ ಯಾರಿಗೂ ಗೊತ್ತಿರಲಿಲ್ಲವಂತೆ. ಆ ಕೂಸು ತಮ್ಮ, ಅಂದರೆ ಅಜ್ಜಿಯ ಅಜ್ಜ, ಬೆಳೆದು ದೊಡ್ಡವನಾಗಿ, ಮಗಳು ಹುಟ್ಟಿದಾಗ ಅಕ್ಕನ ಹೆಸರು ಇಟ್ಟಿದ್ದಾನೆ. ಅಕ್ಕ ಅವನನ್ನು ಎತ್ತಿ ಆಡಿಸಿರಬೇಕು, ಅಲ್ವಾ? ಮೂರು ವರ್ಷದವಳು ಒಂದು ವರ್ಷದವನನ್ನು ಸೊಂಟದ ಮೇಲೆ ಏರಿಸಿಕೊಂಡು, ಅರ್ಧ ಜಾರಿಸಿಕೊಂಡು ಹೋಗೋದನ್ನು ನಾನು ನೋಡಿದ್ದೇನೆ.

ಇನ್ನೂ ಇಬ್ಬರು ಸಿಗಬೇಕು. ಎರಡು ಗಣತಿಗಳ ನಡುವೆ ಬಂದು ಹೋದವರು. ಅಲ್ಲಿನ ಸ್ಮಶಾನದಲ್ಲಿ ಕಲ್ಲು ಇದ್ದರೆ ಇರಬಹುದು. ಇಲ್ಲಿ ಚಿಕ್ಕ ಮಕ್ಕಳ ಕಲ್ಲಿನ ಮೇಲೆ ಕುರಿಮರಿ ಕೆತ್ತುತ್ತಿದ್ದರು. ಹಿಮ ಬೀಳುವ ಮುಂಚೆ ಒಂದು ಶನಿವಾರ ಕಾರಿನಲ್ಲಿ ಹೋಗಿ ಬರೋಣ ಅಂದಿದ್ದೇನೆ. ಅಜ್ಜಿಯ ಮಂಡಿ ಅಷ್ಟು ದೂರ ಕೂತಿರಲು ಬಿಡುತ್ತೋ ಇಲ್ಲವೋ.

ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಕಟ್ಟೆ ಮುಂದೆ ಎತ್ತು ನಿಲ್ಲಿಸಿ ನಮ್ಮ ಮನೆತನದ ಹೆಸರು ಒಂದೊಂದಾಗಿ ಹೇಳೋರು. ಆಯಿ ಮೊರದಲ್ಲಿ ಜೋಳ ಹಿಡಿದುಕೊಂಡು ಪೂರ್ತಿ ಕೇಳಿ, ಆಮೇಲೆ ಹಾಕುತ್ತಿದ್ದಳು. ಅವಳು ಏನು ಕೇಳಲು ಕಾಯುತ್ತಿದ್ದಳು ಅಂತ ಇವತ್ತು ಅನಿಸಿತು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಎಂಟು. ಆಯಿಯ ಆ ಐದು ಮಕ್ಕಳಿಗೆ ಹೆಸರು ಇದ್ದವಾ ಅಂತ ಕೇಳಿದೆ.

"ಈಗ್ಯಾಕವಾ ಅದು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಎರಡಕ್ಕ ಇಟ್ಟಿರಲಿಲ್ಲ. ತೊಟ್ಟಲಕ್ಕ ಹಾಕೂದ್ರಾಗ ಹೋದ್ವು. ಉಳದ ಮೂರಕ್ಕ ಇದ್ವು. ಒಂದು ಹುಡುಗಿ, ನನಗಿಂತ ದೊಡ್ಡಾಕಿ. ಹಬ್ಬದಾಗ ಎಡಿ ಹಿಡಿವಾಗ ಅವ್ವ ಆಕಿ ಹೆಸರು ಅಂತಿದ್ಲು, ತಡಿ, ಬಾಯಾಗ ಐತಿ..."

ಅಷ್ಟರಲ್ಲಿ ಹಾಲಿನವನು ಬಂದ. ಆಮೇಲೆ ಮಾಡ್ತೀನಿ ಅಂತ ಇಟ್ಟಳು. ಹಾಳೆ ಮೇಲೆ ಒಂದರಿಂದ ಹನ್ನೊಂದರವರೆಗೆ ಅಂಕಿ ಹಾಕಿಕೊಂಡು ಕೂತಿದ್ದೇನೆ. ಆರು ಹೆಸರು ತುಂಬಿದೆ. ಫೋನ್ ಇನ್ನೂ