ಅಕ್ಕಿ ಡಬ್ಬೀಲಿ ನೀಲಗಿರಿ ಎಣ್ಣೆ ಇಟ್ಟೆ, ಮೂರು ವಾರಕ್ಕೆ ನುಸಿ ವಾಪಸ್

ನೀಲಗಿರಿ ಎಣ್ಣೆ ಇಟ್ರೆ ಅಕ್ಕಿ ಹುಳ ಸಾಯುತ್ತಾ ಅಂತ ಕೇಳಿದ್ರೆ, ಹೂಂ ಸಾಯುತ್ತೆ, ನಾನೇ ಕಣ್ಣಾರೆ ನೋಡಿದೀನಿ. ಹತ್ತಿ ಉಂಡೆಗೆ ನಾಲ್ಕೈದು ಹನಿ ಹಾಕಿ, ಎಣ್ಣೆ ಅಕ್ಕಿಗೆ ತಾಗ್ದೇ ಇರ್ಲಿ ಅಂತ ಸಣ್ಣ ಬಟ್ಟಲಲ್ಲಿಟ್ಟು ಡಬ್ಬಿ ಮುಚ್ಚಳ ಬಿಗಿ ಮಾಡಿದ್ದೆ, ಎರಡು ದಿನ ಬಿಟ್ಟು ತೆಗೆದ್ರೆ ಮೇಲೆ ಹರಿದಾಡ್ತಿದ್ದ ಸೊಂಡಿಲು ಹುಳಗಳೆಲ್ಲ ಕಾಲು ಮಡಚ್ಕೊಂಡು ಬಿದ್ದಿದ್ವು. ಈ ಹುಳ ಮುಟ್ಟಿದ್ರೆ ಸತ್ತಂಗೆ ನಟಿಸುತ್ತೆ, ಅದಕ್ಕೆ ಬಿಳಿ ಪೇಪರ್ ಮೇಲೆ ಸುರಿದು ಒಂದು ಗಂಟೆ ಕಾದೆ, ಒಂದೂ ಏಳಲಿಲ್ಲ. ತುಂಬಾ ಖುಷಿಯಾಯ್ತು. ಮೂರು ವಾರ ಕಳೆದ್ಮೇಲೆ ಅದೇ ಡಬ್ಬೀಲಿ ಮತ್ತೆ ಹುಳ!

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ನಾನು ಸಾಯಿಸಿದ್ದು ಹೊರಗಿದ್ದವನ್ನ ಮಾತ್ರ. ಹೆಣ್ಣು ಹುಳ ಸೊಂಡಿಲಿಂದ ಕಾಳು ಕೊರೆದು, ಒಂದು ತೂತಿಗೆ ಒಂದೇ ಮೊಟ್ಟೆ ಇಟ್ಟು, ಮೇಲೆ ಅಂಟು ಬಳಿದು ಮುಚ್ಚಿಬಿಡುತ್ತೆ, ಮರಿ ಆ ಕಾಳೊಳಗೇ ತಿಂದು ಬೆಳೆದು ಬೆಚ್ಚಗಿನ ವಾತಾವರಣ ಇದ್ರೆ ಹೆಚ್ಚುಕಮ್ಮಿ ಒಂದು ತಿಂಗಳಿಗೆ ಹುಳ ಆಗಿ ಕೊರ್ಕೊಂಡು ಈಚೆ ಬರುತ್ತೆ. ನೀಲಗಿರಿ ಎಣ್ಣೇಲಿರೋ ಸಿನಿಯೋಲ್ ಅನ್ನೋ ಅಂಶ ಆಗ್ಲಿ, ಲವಂಗದ ಎಣ್ಣೇಲಿರೋ ಯೂಜಿನಾಲ್ ಆಗ್ಲಿ, ಆವಿಯಾಗಿ ಹುಳದ ಮೈ ಪಕ್ಕದಲ್ಲಿರೋ ಉಸಿರಾಟದ ರಂಧ್ರ, ಚರ್ಮ ಇವುಗಳ ಮೂಲಕ ಒಳಗೆ ಹೋಗಿ ನರಗಳ ಕೆಲಸ ಕೆಡಿಸೋದು. ಮುಚ್ಚಿದ ಕಾಳಿನೊಳಗೆ ಅಷ್ಟು ಆವಿ ಹೋಗೋದು ಕಷ್ಟ, ಸಾಲದ್ದಕ್ಕೆ ಕಾಳೇ ಒಂದಷ್ಟು ಆವಿ ಹೀರ್ಕೊಂಡುಬಿಡುತ್ತೆ, ಮುಚ್ಚಳ ತೆಗೆದಾಗಲೆಲ್ಲ ಇನ್ನೊಂದಷ್ಟು ಹೋಗುತ್ತೆ.

ಹಾಗಂತ ಇದು ಪ್ರಯೋಜನ ಇಲ್ಲದ್ದು ಅಂತ ಅಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಗೋದಾಮುಗಳಲ್ಲಿ ಹುಳ ಸಾಯಿಸೋಕೆ ಬಳಸ್ತಿದ್ದ ಮೀಥೈಲ್ ಬ್ರೋಮೈಡ್ ಅನ್ನೋ ಅನಿಲ ಓಝೋನ್ ಪದರ ಹಾಳು ಮಾಡುತ್ತೆ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 2005ಕ್ಕೆ, ಉಳಿದ ಕಡೆ 2015ಕ್ಕೆ ಕೆಲವು ವಿನಾಯಿತಿ ಬಿಟ್ಟು ನಿಲ್ಸಿದ್ರು, ಉಳಿದಿರೋ ಇನ್ನೊಂದು ಅನಿಲ ಫಾಸ್ಫೀನ್‌ಗೆ ಎಷ್ಟೋ ಕಡೆ ಹುಳಗಳು ಒಗ್ಗಿಕೊಂಡಿವೆ. ಅದಕ್ಕೇ ಈ ಎಣ್ಣೆಗಳ ಮೇಲೆ ಇಷ್ಟು ಸಂಶೋಧನೆ ನಡೀತಿರೋದು, ನಡೀಲೇಬೇಕು ಅಂತ ನನ್ನ ಅನಿಸಿಕೆ. ಆದ್ರೆ ದೊಡ್ಡ ರಾಶಿಗೆ ಎಣ್ಣೆ ಜಾಸ್ತಿ ಬೇಕು, ಖರ್ಚು, ಕಾಳಿಗೆ ವಾಸನೆ ಹತ್ತೋದು ಬೇರೆ. ಮನೆ ಡಬ್ಬಿಗೆ ಸರಿ, ಅದೂ ಹುಳ ಬರೋ ಮುಂಚೆ, ಚೆನ್ನಾಗಿ ಒಣಗಿದ ಕಾಳಿಗೆ.

ಬೇವಿನೆಣ್ಣೇನೂ ಇದೇ ಗುಂಪು ಅಂದ್ಕೋತಾರೆ, ಅದು ಬೇರೆ. ಅದು ನೀಲಗಿರಿ ಥರ ಆವಿಯಾಗಿ ಹೋಗಲ್ಲ, ಬಿತ್ತನೆಗೆ ಇಟ್ಟ ಕಾಳಿಗೆ ತೆಳ್ಳಗೆ ಸವರೋದು. ಹೆಸರುಕಾಳು, ಅಲಸಂದೆಗೆ ಬರೋ ಹುಳ ಮೊಟ್ಟೆಯನ್ನ ಕಾಳಿನ ಸಿಪ್ಪೆ ಮೇಲೇ ಅಂಟಿಸುತ್ತಲ್ಲ, ಎಣ್ಣೆ ಆ ಮೊಟ್ಟೆಗೆ ಗಾಳಿ ಆಡದ ಹಾಗೆ ಮಾಡುತ್ತೆ, ಅದಕ್ಕೆ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಇನ್ನು ಬಜೆ ಎಣ್ಣೆ ಹುಳಕ್ಕೆ ಜೋರು ನಿಜ, ಆದ್ರೆ ಅದರಲ್ಲಿರೋ ಬೀಟಾ ಅಸರೋನ್ ಅನ್ನೋ ಅಂಶ ನಮ್ಮ ಆರೋಗ್ಯಕ್ಕೆ ಒಳ್ಳೇದಲ್ಲ, ತಿನ್ನೋ ಕಾಳಿನ ಹತ್ರ ನಾನಂತೂ ತರಲ್ಲ.

ಈಗ ಹೆಸರುಕಾಳು ಡಬ್ಬಿಗೆ ತುಂಬೋ ಮುಂಚೆ ಒಂದು ಹಿಡಿ ಅಂಗೈ ಮೇಲೆ ಹರಡಿ ಬೆಳಕಲ್ಲಿ ನೋಡ್ತೀನಿ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿದ್ರೆ ಅದು ಮೊಟ್ಟೆ. ಆಗ ಎಣ್ಣೆ ಬಾಟಲಿ ಮುಟ್ಟಲ್ಲ, ಕಾಳನ್ನ ಸೀದಾ ಒಂದು ವಾರ ಫ್ರೀಜರ್‌ಗೆ ಹಾಕ್ತೀನಿ, ನೀಲಗಿರಿ ಹತ್ತಿ ಏನಿದ್ರೂ ಆಮೇಲೆ.