ಗೋಮತಿ ಹರಿದ ಊರಿಗೆ

ಇಂಡೊನೇಷ್ಯಾದ ಜಕಾರ್ತಕ್ಕೆ ಹೋಗೋಣ ಎಂದವರು ಅಮ್ಮ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವರಿಗೆ ಬಾಲಿಯ ಕಡಲತೀರ ಬೇಕಿರಲಿಲ್ಲ, ಒಂದು ಕಲ್ಲು ನೋಡಬೇಕಿತ್ತು. ಜಕಾರ್ತದ ಈಶಾನ್ಯ ಮೂಲೆಯ ತುಗು ಎಂಬಲ್ಲಿ ಸಿಕ್ಕಿದ, ಮೊಟ್ಟೆಯಾಕಾರದ ಶಾಸನ ಅದು. ಐದನೇ ಶತಮಾನದ್ದು, ಅಂದರೆ ನಮ್ಮ ಹಲ್ಮಿಡಿ ಶಾಸನದ ಆಸುಪಾಸಿನ ಕಾಲ. ತಾರುಮಾನಗರದ ಪೂರ್ಣವರ್ಮ ಎಂಬ ರಾಜ ಗೋಮತಿ ಎಂಬ ಕಾಲುವೆ ತೋಡಿಸಿ ಸಾವಿರ ಹಸುಗಳನ್ನು ಬ್ರಾಹ್ಮಣರಿಗೆ ದಾನ ಕೊಟ್ಟ ಸಂಗತಿ ಸಂಸ್ಕೃತದಲ್ಲಿ, ಪಲ್ಲವ ಲಿಪಿಯಲ್ಲಿ ಕೊರೆದಿದೆ. ಕಾಲುವೆಯ ಉದ್ದ 6122 ಧನುಸ್ಸು, ಅಂದರೆ ಅಷ್ಟು ಬಿಲ್ಲಿನಳತೆ. ಫಾಲ್ಗುಣ ಕೃಷ್ಣ ಅಷ್ಟಮಿಗೆ ಶುರುವಾದ ಕೆಲಸ ಚೈತ್ರ ಶುಕ್ಲ ತ್ರಯೋದಶಿಗೆ, 21 ದಿನಕ್ಕೆ ಮುಗಿಯಿತಂತೆ. ಅಮ್ಮ ಬೆರಳು ಮಡಚಿ ಎಣಿಸಿದರು. ‘ನೋಡು, ಅಮಾವಾಸ್ಯೆಗೆ ತಿಂಗಳು ಮುಗಿಸುವ ನಮ್ಮ ಪಂಚಾಂಗದ ಲೆಕ್ಕಕ್ಕೇ ಸರಿಹೋಗುತ್ತೆ. ಉತ್ತರದವರ ಹಾಗೆ ಹುಣ್ಣಿಮೆಗೆ ತಿಂಗಳು ಮುಗಿಸಿದರೆ 21 ದಿನ ಬರೋದಿಲ್ಲ. ಯುಗಾದಿ ಮಧ್ಯದಲ್ಲಿ ಬಿದ್ದಿದೆ!’

ಆ ಕಲ್ಲು ಈಗಿರುವುದು ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಬೆಂಕಿ ಬಿದ್ದು ಕೆಲವು ಕೊಠಡಿಗಳು ಸುಟ್ಟವು. ವರ್ಷದ ಮೇಲೆ ಮುಚ್ಚಿದ್ದ ಬಾಗಿಲು 2024ರ ಅಕ್ಟೋಬರಿನಲ್ಲಿ ತೆರೆಯಿತು. ಆ ಸುದ್ದಿ ಓದಿದ ದಿನವೇ ನಾನು ನಕಾಶೆ ಹರಡಿಕೊಂಡು ಕೂತೆ.

ನಕಾಶೆ ನೋಡಿ ಎದೆ ಸ್ವಲ್ಪ ಕುಸಿಯಿತು. ಜಕಾರ್ತ ಎಲ್ಲಿ ಮುಗಿದು ಪಕ್ಕದ ಊರು ಎಲ್ಲಿ ಶುರು ಎಂಬುದೇ ಗೊತ್ತಾಗುವುದಿಲ್ಲ. ಬೋಗೋರ್, ದೆಪೋಕ್, ತಂಗೆರಾಂಗ್, ಬೆಕಾಸಿ ಎಲ್ಲ ಒಂದಕ್ಕೊಂದು ಬೆಸೆದುಕೊಂಡಿವೆ. ವಿಶ್ವಸಂಸ್ಥೆಯ 2025ರ ಅಂದಾಜಿನಲ್ಲಿ ಈ ಇಡೀ ಹರವಿನ ಜನಸಂಖ್ಯೆ ಸುಮಾರು 4.2 ಕೋಟಿ, ಟೋಕಿಯೋವನ್ನೂ ಢಾಕಾವನ್ನೂ ಮೀರಿ ಜಗತ್ತಿನ ಅತಿ ದೊಡ್ಡ ನಗರ. ಮೊದಲ ಸಲ ಹೋಗುವವರು ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಹೊರಟರೆ ದಿನವಿಡೀ ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾದು ರೂಢಿಯಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಜಾಗಗಳನ್ನು ಬಿಟ್ಟು ರೈಲಿನ ಒಂದು ಗೆರೆಯನ್ನು ಹಿಡಿದೆ. ಉತ್ತರದ ಜಕಾರ್ತ ಕೋತ ನಿಲ್ದಾಣದಿಂದ ದಕ್ಷಿಣದ ಬೋಗೋರ್‌ವರೆಗೆ ಹೋಗುವ ಕಮ್ಯೂಟರ್ ರೈಲಿನ ಕೆಂಪು ಗೆರೆ. ಹಳೆಯ ಡಚ್ ಪಟ್ಟಣ ಒಂದು ತುದಿಗೆ, ದೊಡ್ಡ ಮಸೀದಿ ನಡುವಿನ ಜುವಾಂಡಾಕ್ಕೆ, ಊಟದಂಗಡಿಗಳ ಸಾಬಾಂಗ್ ಬೀದಿ ಗೊಂಡಾಂಗ್ದಿಯಾ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಸಾಬಾಂಗ್ ಹತ್ತಿರವೇ ಕೋಣೆ ಹಿಡಿದೆ. ಮೊದಲ ಸಲ ಹೋಗುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಗಂಬೀರ್ ದೊಡ್ಡ ನಿಲ್ದಾಣವೆಂದು ಅಲ್ಲಿ ಇಳಿಯುವ ಯೋಚನೆ ಬೇಡ, ಕಮ್ಯೂಟರ್ ರೈಲು ಅಲ್ಲಿ ನಿಲ್ಲುವುದಿಲ್ಲ.

ಉಳಿದ ತಯಾರಿ ಸಲೀಸು. ಭಾರತೀಯರಿಗೆ ಇಳಿದ ಮೇಲೆ ಸಿಗುವ ವೀಸಾ ಇದೆ, 5 ಲಕ್ಷ ರುಪಿಯಾಕ್ಕೆ 30 ದಿನ. ಮೊದಲೇ ಆನ್‌ಲೈನ್‌ನಲ್ಲೂ ಮಾಡಿಸಿಕೊಳ್ಳಬಹುದು. ಲಕ್ಷದ ಲೆಕ್ಕಕ್ಕೆ ಹೆದರಬೇಕಿಲ್ಲ, ಲಕ್ಷ ರುಪಿಯಾ ಅಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ, ಜನವರಿ ಫೆಬ್ರವರಿಯಲ್ಲಿ ಪ್ರವಾಹದ ಭಯ. ಜುಲೈಗೆ ಟಿಕೆಟ್ ತೆಗೆಸಿದೆವು.

ವಿಮಾನ ಇಳಿದದ್ದು ಸುಕರ್ನೊ-ಹತ್ತಾ ನಿಲ್ದಾಣದಲ್ಲಿ. ದೇಶದ ಮೊದಲ ಅಧ್ಯಕ್ಷ ಸುಕರ್ನೊಗೆ ಹುಟ್ಟಿದಾಗ ಇಟ್ಟ ಹೆಸರು ಕುಸ್ನೊ. ಮಗು ಪದೇ ಪದೇ ಕಾಯಿಲೆ ಬೀಳುತ್ತಿದ್ದುದರಿಂದ ತಂದೆ ಮಹಾಭಾರತದ ಕರ್ಣನ ಹೆಸರಿಗೆ ‘ಸು’ ಸೇರಿಸಿ ಹೊಸದಾಗಿ ಕರೆದರು. ಮಾರನೆಯ ದಿನ ಮೆರ್ದೇಕಾ ಮೈದಾನದ ಮೂಲೆಯಲ್ಲಿ ಕೃಷ್ಣ ಸಾರಥಿಯಾಗಿ ಕೂತ ಅರ್ಜುನನ ರಥದ ದೊಡ್ಡ ಶಿಲ್ಪ ಕಂಡಿತು. ಕುದುರೆಗಳು ನಾಗಾಲೋಟದಲ್ಲಿವೆ, ಸುತ್ತ ವಾಹನಗಳು ನಿಂತಲ್ಲೇ ನಿಂತಿವೆ. ‘ಇಲ್ಲಿ ಅರ್ಜುನ, ವಿಮಾನ ನಿಲ್ದಾಣದಲ್ಲಿ ಕರ್ಣ. ಇಬ್ಬರಿಗೂ ಜಾಗ ಕೊಟ್ಟಿದ್ದಾರೆ’ ಎಂದು ಅಮ್ಮ ಬಹಳ ಹೊತ್ತು ನೋಡುತ್ತಾ ನಿಂತರು. ಕರ್ಣನ ಮೇಲೆ ಅವರಿಗೆ ಮೊದಲಿಂದ ಮಮತೆ.

ಭಾಷೆ ಕಿವಿಗೆ ಬಿದ್ದಷ್ಟೂ ಹೊಸತೆನಿಸಲಿಲ್ಲ. ಕೋತ ಅಂದರೆ ಪಟ್ಟಣ, ನಮ್ಮ ಕೋಟೆಯ ನಂಟಿನ ಮಾತು. ಭಾಷೆಗೆ ಬಹಾಸ, ಭೂಮಿಗೆ ಬೂಮಿ, ಹೆಂಡತಿಗೆ ಇಸ್ತ್ರಿ, ಗಂಡನಿಗೆ ಸುವಾಮಿ, ಅಪಾಯಕ್ಕೆ ಬಹಾಯ. ದೋಸ ಎಂದರೆ ಮಾತ್ರ ಪಾಪ, ಅದು ನಮ್ಮ ‘ದೋಷ’. ಊಟದಲ್ಲಿ ನಾವು ಸಸ್ಯಾಹಾರಿಗಳಾದ್ದರಿಂದ ಒಂದು ಮಾತು ಬಾಯಿಪಾಠ ಮಾಡಿಕೊಂಡಿದ್ದೆವು: ‘ತನ್ಪಾ ತೆರಾಸಿ’, ಸೀಗಡಿಯ ಮುದ್ದೆ ಹಾಕಬೇಡಿ ಎಂದು. ಮಾಂಸ ಬೇಡ ಎಂದರೆ ಸಾಲದು, ಸಂಬಾಲ್ ಎಂಬ ಖಾರದ ಚಟ್ನಿಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಸಾಬಾಂಗ್ ಬೀದಿಯ ತಳ್ಳುಗಾಡಿಯಲ್ಲಿ ಒಬ್ಬಾಕೆ ನಮಗಾಗಿ ಒರಳನ್ನೇ ತೊಳೆದು ಶೇಂಗಾ, ಬೆಲ್ಲ, ಮೆಣಸಿನಕಾಯಿ ಅರೆದು ಬೆಂದ ತರಕಾರಿಗೆ ಕಲಸಿಕೊಟ್ಟಳು. ಗಾದೊ-ಗಾದೊ ಅದರ ಹೆಸರು. ಜೊತೆಗೆ ಕರಿದ ತೆಂಪೆ, ಸೋಯಾ ಕಾಳು ಹುದುಗಿಸಿ ಮಾಡುವ ಜಾವಾದ ತಿನಿಸು. ಐದು ದಿನದಲ್ಲಿ ನಾಲ್ಕು ರಾತ್ರಿ ಅಲ್ಲೇ ಉಂಡೆವು.

ಮ್ಯೂಸಿಯಂಗಳಿಗೆ ಸೋಮವಾರ ರಜೆ. ಆ ದಿನವನ್ನು ಬೋಗೋರ್‌ಗೆಂದು ಇಟ್ಟಿದ್ದೆವು. ಎ.ಸಿ. ರೈಲು, ಕೈಕಾಸಿನಷ್ಟು ಟಿಕೆಟ್ಟು, ಹಿರಿಯರಿಗೆ ಎದ್ದು ಸೀಟು ಬಿಡುವ ಜನ. 1817ರಲ್ಲಿ ಶುರುವಾದ ಸಸ್ಯೋದ್ಯಾನವನ್ನು ಬೇಗ ಬೇಗ ಸುತ್ತಿದೆವು. ಮನಸ್ಸು ಮುಂದಿನ ಜಾಗದಲ್ಲಿತ್ತು. ಬೋಗೋರ್‌ನ ಪಶ್ಚಿಮಕ್ಕೆ, ಚಿಯಾರುತೆಉನ್ ಹೊಳೆಯ ಬಳಿ ಚಾವಣಿಯ ಕೆಳಗೆ ದೊಡ್ಡ ಬಂಡೆಯೊಂದಿದೆ. ಮೊದಲು ನೀರಿನಲ್ಲೇ ಇತ್ತು, 1981ರಲ್ಲಿ ಮೇಲೆ ತಂದರು. ಅದರ ಮೇಲೆ ಎರಡು ಹೆಜ್ಜೆ ಗುರುತು, ನಾಲ್ಕು ಸಾಲು ಅಕ್ಷರ: ವಿಷ್ಣುವಿನ ಪಾದಗಳಂಥ ಪೂರ್ಣವರ್ಮನ ಪಾದಗಳು ಇವು ಎಂದು. ಅಮ್ಮ ಚಪ್ಪಲಿ ಕಳಚಿ ನಿಂತರು. ನಾನೂ ಕಳಚಿದೆ.

ಮಂಗಳವಾರ ಮ್ಯೂಸಿಯಂ. ಬಾಗಿಲಲ್ಲಿ ಸಯಾಮಿನ (ಈಗಿನ ಥಾಯ್ಲೆಂಡಿನ) ರಾಜ ಚುಲಾಲಾಂಗ್‌ಕಾರ್ನ್ 1871ರಲ್ಲಿ ಕೊಟ್ಟ ಕಂಚಿನ ಆನೆ. ಊರ ಮಂದಿ ಈ ಕಟ್ಟಡವನ್ನು ಆನೆ ಮ್ಯೂಸಿಯಂ ಎಂದೇ ಕರೆಯುವುದು. ಅಮ್ಮನ ಕಲ್ಲು ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಐದೇ ಸಾಲು, ಕಲ್ಲನ್ನು ಬಳಸಿಕೊಂಡು ಹೋಗುತ್ತವೆ, ಓದಬೇಕಾದರೆ ನಾವೇ ಪ್ರದಕ್ಷಿಣೆ ಹಾಕಬೇಕು. ಅಮ್ಮ ಮೂರು ಸುತ್ತು ಬಂದು ‘ಗೋಮತಿ’ ಎಂಬ ಅಕ್ಷರಗಳನ್ನು ಹುಡುಕಿ ಹಿಡಿದರು. ನಮ್ಮ ಹಳೆಯ ಶಾಸನಗಳ ಲಿಪಿಯ ದಾಯಾದಿ ಅದು. ಒಮ್ಮೆ ಕಣ್ಣಿಗೆ ಹತ್ತಿತೆಂದರೆ ‘ಮ’ ಮತ್ತೆ ಮತ್ತೆ ಕಾಣುತ್ತದೆ. ಈ ನೆಲದ ಬಗ್ಗೆ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಒಂದು ನೀರಿಗೆ ದಾರಿ ಮಾಡಿಕೊಟ್ಟ ಕತೆ ಎನ್ನುವುದು ಅಲ್ಲಿ ನಿಂತಾಗ ನನಗೆ ನಾಟಿತು.

ಬುಧವಾರ ಹಳೆಯ ಪಟ್ಟಣ. 1527ರಲ್ಲಿ ಜಯಕರ್ತ ಎಂದಾದ ಬಂದರು, 1619ರಲ್ಲಿ ಡಚ್ಚರ ಕೈಗೆ ಬಿದ್ದು ಬತಾವಿಯಾ ಆಯಿತು. ಅವರು ತಮ್ಮ ಊರಿನಂತೆ ಕಾಲುವೆ ತೋಡಿದರು. ವಯಾಂಗ್ ಮ್ಯೂಸಿಯಂನಲ್ಲಿ ತೊಗಲುಗೊಂಬೆಗಳ ಮುಂದೆ ಒಂದು ಗಂಟೆ ಕಳೆದೆವು. ನಮ್ಮ ತೊಗಲುಗೊಂಬೆಗೆ ಬಣ್ಣ ತುಂಬಿದ ಮೈ, ದುಂಡು ಮುಖ. ಇವರ ಘಟೋತ್ಕಚ, ಭೀಮರಿಗೆ ಸಣಕಲು ತೋಳು. ಆದರೂ ಯಾರು ಯಾರೆಂದು ಅಮ್ಮ ಫಲಕ ಓದದೆಯೇ ಹೇಳುತ್ತಾ ಹೋದರು.

ಮಧ್ಯಾಹ್ನ ಕಾರು ಕರೆಸಿ ಉತ್ತರದ ಮುಆರಾ ಬಾರುಗೆ ಹೋದೆವು. ಪ್ರವಾಸಿಗರು ಹೋಗುವ ಜಾಗವಲ್ಲ ಅದು, ನನ್ನ ಯೋಜನೆಯಲ್ಲಿ ಇದ್ದೇ ತೀರಬೇಕೆಂದು ಹಾಕಿದ್ದೆ. ಹದಿಮೂರು ನದಿಗಳು ಹಾದುಹೋಗುವ ಊರಿನಲ್ಲಿ ನಲ್ಲಿ ನೀರು ಎಲ್ಲರಿಗೂ ತಲುಪದೆ ಜನ ಕೊಳವೆಬಾವಿ ಕೊರೆದರು, ಕಟ್ಟಡಗಳು ಇನ್ನೂ ಆಳಕ್ಕೆ ಕೊರೆದವು. ನಾವೂ ಕೊರೆದಿದ್ದೇವೆ, ಆದರೆ ಬೆಂಗಳೂರಿನ ಕೆಳಗೆ ಗಟ್ಟಿ ಬಂಡೆಯಿದೆ. ನೀರು ಬತ್ತಿದರೂ ನೆಲ ನಿಲ್ಲುತ್ತದೆ. ಇಲ್ಲಿ ನದಿಗಳು ತಂದು ಹಾಕಿದ ಮೆತ್ತನೆ ಮಣ್ಣು. ನೀರು ಹೀರಿದಂತೆ ನೆಲ ಕುಸಿಯಿತು, ಉತ್ತರದ ಕೆಲವೆಡೆ ಕೆಲವು ದಶಕಗಳಲ್ಲಿ ನಾಲ್ಕು ಮೀಟರಿನವರೆಗೂ. ಈಗ ಸಮುದ್ರಕ್ಕೆ ಗೋಡೆ ಕಟ್ಟಿದ್ದಾರೆ. ಒಂದು ಕಡೆ ಬೀದಿ, ಮನೆ, ಒಣಗಿದ ಬಟ್ಟೆ. ಗೋಡೆ ಹತ್ತಿದರೆ ಆ ಕಡೆ ಕಡಲು, ಬೀದಿಗಿಂತ ಎತ್ತರದಲ್ಲಿ. ಗೋಡೆಯಾಚೆ ಉಳಿದುಹೋದ ವಾಲಾದುನ ಎಂಬ ಮಸೀದಿಯ ಗೋಡೆಗಳು ನೀರಿನಲ್ಲಿ ನಿಂತಿವೆ.

ಈ ಕುಸಿತ, ಈ ದಟ್ಟಣೆಯ ಕಾರಣಕ್ಕೇ ಬೋರ್ನಿಯೋ ದ್ವೀಪದಲ್ಲಿರುವ ಕಾಲಿಮಂತಾನ್‌ನ ಪೂರ್ವದಲ್ಲಿ ನುಸಾಂತರ ಎಂಬ ಹೊಸ ರಾಜಧಾನಿ ಕಟ್ಟುತ್ತಿದ್ದಾರೆ. ಪೂರ್ಣವರ್ಮನಿಗಿಂತಲೂ ಹಿಂದಿನದೆನ್ನುವ ಮೂಲವರ್ಮ ಎಂಬ ರಾಜನ ಯೂಪ ಶಾಸನಗಳು, ಅಂದರೆ ಯಜ್ಞದ ಕಂಬಗಳ ಮೇಲೆ ಕೊರೆದ ಬರಹಗಳು, ಸಿಕ್ಕಿದ ಕುತಾಯ್ ಸೀಮೆಯೂ ಅದೇ ಕಡೆಯದು. ಇದನ್ನು ಅಮ್ಮನಿಗೆ ಹೇಳಿದೆ.

ಅಮ್ಮ ಕೇಳಿಸಿಕೊಂಡರೋ ಇಲ್ಲವೋ. ಗೋಡೆಯ ಮೇಲೆ ಕೂತು ಗಾಳ ಹಾಕಿದ್ದ ಹುಡುಗನೊಬ್ಬ ಅವರಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಸೀರೆಯ ಸೆರಗು ಸುತ್ತಿಕೊಂಡು ಕೂತ ಅವರು, ಆ ಹುಡುಗನಿಗೆ ಕನ್ನಡದಲ್ಲಿ ಕೇಳಿದರು, ‘ನೀರು ಯಾವಾಗ ಇಳಿಯುತ್ತೆ ಮಗು?’ ಅವನು ಅರ್ಥವಾದವನಂತೆ ಮಸೀದಿಯ ಗೋಡೆಯಲ್ಲಿದ್ದ ಪಾಚಿಯ ಗೆರೆಯನ್ನು ಬೆರಳು ಮಾಡಿ ತೋರಿಸಿದ.